ನೋಡದೆ ಬಿಟ್ಟ ಜಾಗ

ಆಕಾಶದಲ್ಲಿ ಯಾವ ಜಾಗವನ್ನು ನೋಡಿಲ್ಲ ಎಂದು ಗುರುತಿಡುವುದು ನನ್ನ ಕೆಲಸ. ದೂರದರ್ಶಕದ ಚಿತ್ರದಲ್ಲಿ ಒಂದು ನಕ್ಷತ್ರ ಕಣ್ಣು ಕುಕ್ಕುವಂತೆ ಹೊಳೆದರೆ ಅದರ ಸುತ್ತಮುತ್ತ ಏನೂ ಕಾಣದು. ಉಪಗ್ರಹ ಹಾದುಹೋದರೆ ಗೀರು ಬೀಳುತ್ತದೆ. ಅಂಥ ಜಾಗಗಳಿಗೆ ಮುಸುಕು ಹಾಕುವ, ಆ ಮುಸುಕುಗಳನ್ನು ಕೂಡಿಸುವ, ಕಳೆಯುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಬೋಗಾದಿಯ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತೇನೆ. 'ಇಲ್ಲ' ಬೇರೆ, 'ನೋಡಿಲ್ಲ' ಬೇರೆ. ನನ್ನ ಅನ್ನ ಹುಟ್ಟುವುದೇ ಈ ವ್ಯತ್ಯಾಸದಲ್ಲಿ.

ಕೆಳಗಿರುವ ಓನರ್ ಆಂಟಿ ನರ್ಸಾಗಿ ರಿಟೈರ್ ಆದವರು. ಅವರಿಗೆ ಇದನ್ನು ವಿವರಿಸಿದಾಗ, "ನೋಡ್ದೇ ಇರೋದಕ್ಕೂ ಸಂಬಳ ಕೊಡ್ತಾರಾ? ಪುಣ್ಯವಂತೆ ಕಣಮ್ಮ ನೀನು" ಎಂದಿದ್ದರು.

ಹೋದ ಡಿಸೆಂಬರಿನಲ್ಲಿ ಅವರ ಬೆಕ್ಕು ಕಾಣೆಯಾಯಿತು. ತುಂಬು ಬಸುರಿ ಬೇರೆ. ಕ್ರಿಸ್‌ಮಸ್‌ಗೆ ಕಲ್‌ಕಲ್ ಎಂಬ ಸಿಹಿ ಕರಿಯಬೇಕಿದ್ದ ಆಂಟಿ ಬಾಣಲೆ ಮುಟ್ಟಲಿಲ್ಲ.

"ಎಲ್ಲಾ ಕಡೆ ನೋಡ್ಬುಟ್ಟೆ, ಎಲ್ಲೂ ಇಲ್ಲ. ಊಟಕ್ಕೆ ಕೂತ್ರೆ ಎದುರಿಗೆ ಅದೊಂದೇ ಇರ್ತಿತ್ತು ಕಣಮ್ಮ" ಎಂದು ಅತ್ತರು.

ಬಡಾವಣೆಯ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಆಗಲೇ ನೋಡಿದ ಜಾಗಗಳನ್ನು ನನ್ನ ಲೈಬ್ರರಿ ಬಳಸಿಯೇ ಅದರಿಂದ ಕಳೆದೆ. ಕಟ್ಟುತ್ತಿದ್ದ ಒಂದು ಮನೆ, ಮೋರಿ, ಖಾಲಿ ಸೈಟಿನ ಪೊದೆ ಉಳಿದವು. ಅವನ್ನೂ ಇಬ್ಬರೂ ಸೇರಿ ಜಾಲಾಡಿದೆವು. ಬೆಕ್ಕಿಲ್ಲ. ನಕ್ಷೆಯಲ್ಲಿ ನೋಡದ ಜಾಗವೂ ಉಳಿಯಲಿಲ್ಲ. ನನ್ನ ಜಂಬ ಇಳಿದುಹೋಯಿತು.

ಆಂಟಿ ಪರದೆಯಲ್ಲಿ ನಮ್ಮ ಕಟ್ಟಡದ ಮೇಲೆ ಬೆರಳಿಟ್ಟರು. "ಇಲ್ಲಿ ಮಹಡೀಲಿ ಯಾರು ನೋಡಿದ್ದು?"

"ನಮ್ಮನೆ ಅಲ್ವಾ ಆಂಟಿ, ನಾನು ಅಲ್ಲೇ ಇರ್ತೀನಲ್ಲ."

"ಇರ್ತೀಯ, ಸರಿ. ನೋಡಿದ್ಯಾ? ನೀನು ಕೆಲ್ಸದಲ್ಲಿರ್ತೀಯ ಅಂತ ನಾನಂತೂ ಮೇಲೆ ಬರ್ಲೇ ಇಲ್ಲ."

ಮೆಟ್ಟಿಲು ಹತ್ತಿ ಓಡಿದೆ. ನನ್ನ ಕುರ್ಚಿಯ ಹಿಂದೆಯೇ, ಮಂಚದ ಕೆಳಗೆ, ಬಾಯಿ ತೆರೆದ ರಟ್ಟಿನ ಪೆಟ್ಟಿಗೆ. ಅದರೊಳಗೆ ನನ್ನ ಒಂದೇ ಒಂದು ಒಳ್ಳೆಯ ಸ್ವೆಟರಿನ ಮೇಲೆ ಬಾಣಂತಿ ಮತ್ತು ಮೂರು ಮರಿಗಳು. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವವಳಿಗೆ ಮಿಯಾಂವ್ ಎಲ್ಲಿ ಕೇಳಬೇಕು.

ಆಂಟಿ ನೆಲದ ಮೇಲೆ ಕೂತು ಅತ್ತರು, ನಕ್ಕರು, ನನ್ನ ತಲೆಗೊಂದು ಮೊಟಕಿದರು. ಸಂಜೆ ಕಲ್‌ಕಲ್ ಕರಿದರು. ಬೆಕ್ಕು ಕೆಳಗಿಳಿಯಲು ಒಪ್ಪದ್ದರಿಂದ ಅವರ ತಟ್ಟೆಯೂ ಮೇಲಕ್ಕೆ ಬಂತು. ಅಂದಿನಿಂದ ರಾತ್ರಿಯೂಟ ಇಬ್ಬರದೂ ಒಟ್ಟಿಗೇ. ಎರಡು ವರ್ಷ ಅವರ ತಲೆಯ ಮೇಲೆಯೇ ವಾಸವಿದ್ದೆ. ಅವರು ಬೆಕ್ಕನ್ನು ಎದುರಿಗೆ ಕೂರಿಸಿಕೊಂಡು ಉಣ್ಣುತ್ತಾರೆ ಎಂಬುದನ್ನು ಒಮ್ಮೆಯೂ ನೋಡಿರಲಿಲ್ಲ.