ಶುಕೂರ್ ತೆಪ್ಪಗಾಗಿಸಿದ ಕಾರು

ಮೂಡುಬಿದಿರೆಯ ಮೆಕ್ಯಾನಿಕ್ ಅಬ್ದುಲ್ ಶುಕೂರ್‌ಗೆ ಅರವತ್ತೆರಡು ವರ್ಷ. ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಆದರೆ ಈಗಿನ ಕಾರುಗಳಲ್ಲಿ ಕಾರ್ಬುರೇಟರ್ ಎಲ್ಲಿದೆ ಹೇಳಿ? ಅವರ ಗ್ಯಾರೇಜಿಗೆ ಬರುವ ಅಂಥ ಗಾಡಿ ಉಳಿದದ್ದು ಒಂದೇ ಒಂದು. ವೇಣೂರಿನ ಕೇಶವಪ್ರಸಾದ ಭಟ್ಟರ ಅಜ್ಜ ತೊಂಬತ್ತು ವರ್ಷಗಳ ಹಿಂದೆ ಕೊಂಡ ಕಪ್ಪು ಕಾರು ಅದು. ಈಗ ಅದೂ ಕೈತಪ್ಪುವುದರಲ್ಲಿತ್ತು.

ಏನು ಬೊಬ್ಬೆ ಅದರದ್ದು! ಎಕ್ಸಲರೇಟರ್ ಒತ್ತಿದರೆ ಸಾಕು, ಗೊರಗೊರ ಬುಸುಗುಟ್ಟಿ ಒಳಗಿದ್ದವರ ಮಾತನ್ನೆಲ್ಲ ನುಂಗಿಬಿಡುತ್ತಿತ್ತು. ಭಟ್ಟರ ತಾಯಿ ಶ್ರೀಮತಿಯಮ್ಮನಿಗೆ ಮಾತಿಲ್ಲದ ಪ್ರಯಾಣವೆಂದರೆ ಶಿಕ್ಷೆ. ಅವರು ಅದನ್ನು ಹತ್ತುವುದನ್ನೇ ಬಿಟ್ಟರು. ಅಮ್ಮ ಕೂರದ ಕಾರು ಮನೆಯಲ್ಲೇಕೆ ಎಂದು ಭಟ್ಟರು ಮಂಗಳೂರಿನವರೊಬ್ಬರಿಗೆ ಮಾರಲು ಹೊರಟರು.

"ಒಂದು ವಾರ ಕೊಡಿ ಭಟ್ರೇ," ಎಂದರು ಶುಕೂರ್. "ಇದೂ ಹೋದ್ರೆ ನಾನು ಈ ಕೈ ಇಟ್ಟುಕೊಂಡು ಮಾಡುವುದೆಂತ?"

ಹಿಂದೆ ನೋಡಿದ ಮೆಕ್ಯಾನಿಕರೆಲ್ಲ ಹೊಗೆ ಬಿಡುವ ಕಡೆಯ ಸೈಲೆನ್ಸರನ್ನೇ ಬದಲಿಸಿದ್ದರು. ಸದ್ದೆಲ್ಲ ಹಿಂದಿನಿಂದಲೇ ಬರುತ್ತದೆಂದು ಯಾವ ಪುಣ್ಯಾತ್ಮ ಹೇಳಿದ್ದನೋ! ಶುಕೂರ್ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಕಾರ್ಬುರೇಟರಿನ ತೆರೆದ ಬಾಯಿಗೆ ಅಂಗೈ ಅಡ್ಡ ಹಿಡಿದರು. ಬೊಬ್ಬೆ ತಟ್ಟನೆ ಇಳಿಯಿತು. ಗಾಳಿ ಒಳಗೆ ಹೋಗುವಾಗಲೇ ಗಲಾಟೆ ಮಾಡುತ್ತಿತ್ತು.

ಬಿಸ್ಕತ್ತಿನ ಡಬ್ಬಕ್ಕೆ ತೆಂಗಿನ ನಾರು ತುಂಬಿ ಆ ಬಾಯಿಗೆ ಕಟ್ಟಿದರು. ಸದ್ದೇನೋ ಹೋಯಿತು, ಜೊತೆಗೆ ಇಂಜಿನ್ನಿನ ಜೀವವೂ ಹೋಯಿತು; ಸಣ್ಣ ಏರಿನಲ್ಲೇ ಕಾರು ಏದುಸಿರುಬಿಟ್ಟು ನಿಂತಿತು.

"ಗಾಳಿಗೆ ದಾರಿ ಬಿಡಬೇಡವಾ ಮಾರಾಯ!" ಎಂದು ತಮ್ಮನ್ನೇ ಬೈದುಕೊಂಡರು. ಮತ್ತೆ ದೊಡ್ಡ ತಗಡಿನ ಡಬ್ಬ ಮಾಡಿ, ಗಾಳಿ ಬರಲು ಉದ್ದನೆಯ ಕೊಳವೆ ಕೂರಿಸಿದರು. ಒಳಗೋಡೆಗೆ ಮಾತ್ರ ಉಣ್ಣೆ ಅಂಟಿಸಿ ನಡುವೆ ಖಾಲಿ ಬಿಟ್ಟರು. ಉಣ್ಣೆ ಹೆಂಡತಿ ಬೀಯಮ್ಮನ ಕಂಬಳಿಯದ್ದು. ಅದಕ್ಕಾಗಿ ಚೆನ್ನಾಗಿ ಬೈಸಿಕೊಂಡರು.

ಭಾನುವಾರ ಭಟ್ಟರು ಸ್ಟಿಯರಿಂಗ್ ಹಿಡಿದರು, ಶುಕೂರ್ ಪಕ್ಕದಲ್ಲಿ. ಪುಸಲಾಯಿಸಿ ಹತ್ತಿಸಿದ ಶ್ರೀಮತಿಯಮ್ಮ, ಮಾತಾಡಿ ಏನು ಪ್ರಯೋಜನವೆಂದು ಹಿಂದಿನ ಸೀಟಿನಲ್ಲಿ ತುಟಿ ಬಿಗಿದು ಕೂತರು.

ದೊಡ್ಡ ಏರು ಬಂತು. ಭಟ್ಟರು ಎಕ್ಸಲರೇಟರ್ ಪೂರ್ತಿ ಒತ್ತಿ, ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು: "ಅಮ್ಮನ ಮುಖ ನೋಡಿದ್ರಾ? ನಾಳೆ ಮಂಗಳೂರಿನವರಿಗೆ ಕೊಟ್ಟುಬಿಡುವ."

"ಎಂತ ಕೊಡುವುದು?" ಹಿಂದಿನಿಂದ ಗದರಿಕೆ ಬಂತು. "ನಾಳೆ ನನಗೆ ಬೆಳ್ತಂಗಡಿಗೆ ಹೋಗ್ಲಿಕ್ಕುಂಟು, ತಂಗಿ ಮನೆಗೆ. ಇದರಲ್ಲೇ ಹೋಗುವುದು. ಅವರಿಗೆ ಬರಬೇಡಿ ಅಂತ ಹೇಳು!"

ಕಾರು ನಿಲ್ಲದೆ ಏರು ಹತ್ತುತ್ತಿತ್ತು. ಶುಕೂರ್ ಖುಷಿಯಲ್ಲಿ ಡ್ಯಾಶ್‌ಬೋರ್ಡಿಗೆ ಗುದ್ದಿದರು.

"ಕೇಳಿತಲ್ಲ ಭಟ್ರೇ! ಅಮ್ಮನಿಗೆ ನಿಮ್ಮ ಪಿಸುಮಾತು ಕೇಳಿತಲ್ಲ!"