ಒಂಬತ್ತನೆಯ ಎಳೆ

ಏಣಿಯಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವನು ಹಿಂದಿನ ಬೀದಿಯ ಟೈಲರ್. ಸ್ಕೂಟರಿನ ಪಕ್ಕಕ್ಕೆ ಮಡಿಸುವ ಏಣಿ ಕಟ್ಟಿಕೊಂಡು ಬರುತ್ತಿದ್ದ ನಲವತ್ತಾರರ ಹೆಂಗಸನ್ನು ನೋಡಿ, "ಏಣಿಯಮ್ಮ ಬಂದ್ಳು ಅಂದ್ರೆ ಇವತ್ತು ಇಂಟರ್ನೆಟ್ ಇಲ್ಲ ಅಂತ ಲೆಕ್ಕ" ಎಂದು ಅವನು ಅಂದದ್ದೇ ತಡ, ಬಡಾವಣೆಗೆಲ್ಲ ಅದೇ ಹೆಸರಾಯಿತು. ಅವಳಿಗೂ ಗೊತ್ತಿತ್ತು. ಬೇಸರಪಟ್ಟುಕೊಳ್ಳಲು ಪುರುಸೊತ್ತಿರಲಿಲ್ಲ.

ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದರ ಮೇಲಿನ ಕೋಣೆಯೇ ಅವಳ ಆಫೀಸು. ಗೋಡೆಗೆ ಒರಗಿ ಬ್ಯಾಟರಿಗಳ ಸಾಲು, ಹಗಲಿರುಳೂ ಗುಂಯ್‌ಗುಡುವ ಎರಡು ಮಷಿನ್ನು, ಮೇಜಿನ ಮೇಲೊಂದು ಫೋನು. ಅಲ್ಲಿಂದ ಹೊರಟ ಇಂಟರ್ನೆಟ್ಟಿನ ಫೈಬರ್ ಆರುನೂರು ಚಿಲ್ಲರೆ ಮನೆಗಳಿಗೆ ಹೋಗುತ್ತಿತ್ತು. ದಾರಿಯಲ್ಲಿ ಅದನ್ನು ಇಲಿ ಕಡಿಯುತ್ತಿತ್ತು, ಲಾರಿ ಎಳೆದುಕೊಂಡು ಹೋಗುತ್ತಿತ್ತು, ನೀರಿನ ಪೈಪು ಹಾಕುವವರು ಗುದ್ದಲಿಯಲ್ಲಿ ತುಂಡರಿಸಿ ಮೇಲೆ ಮಣ್ಣೆಳೆದು ಸುಮ್ಮನಾಗುತ್ತಿದ್ದರು. ಯಾವುದು ಆದರೂ ಬೈಗುಳ ಬರುತ್ತಿದ್ದುದು ಆ ಮೇಜಿನ ಮೇಲಿನ ಫೋನಿಗೆ. "ನೀವೇನು ಕತ್ತೆ ಕಾಯ್ತಿದ್ದೀರಾ?" ಎಂದು ಶುರು ಮಾಡುವವರೇ ಸಭ್ಯರು ಎನ್ನುವಷ್ಟಕ್ಕೆ ಅವಳ ಕಿವಿ ಪಳಗಿತ್ತು. ಅವಳೂ ಸಿಹಿ ಮಾತಿನವಳಲ್ಲ. ಸ್ವಿಚ್ ಹಾಕದೆ ದೂರು ಕೊಟ್ಟವರಿಗೆ, "ಸ್ವಿಚ್ ಹಾಕೋಕೂ ನಾನೇ ಬರ್ಬೇಕಾ, ದೀಪ ಹಚ್ಚೋಕೆ ಯಾರು ಬರ್ತಾರೆ?" ಎಂದು ಕೇಳಿ ಫೋನಿಡುತ್ತಿದ್ದಳು.

ಈ ವ್ಯವಹಾರ ಮೊದಲು ಅವಳ ಅಕ್ಕನ ಗಂಡನದಾಗಿತ್ತು. ಭಾವ ಕರೆದನೆಂದು ಅವಳು ಫೋನ್ ಎತ್ತುವ ಕೆಲಸಕ್ಕೆ ಬಂದಳು. ಎರಡು ವರ್ಷದಲ್ಲಿ ಕೂದಲಿನಂಥ ಗಾಜಿನ ಎಳೆಗಳನ್ನು ಬೆಸೆಯಲು ಕಲಿತಳು, ಏಣಿ ಹತ್ತಿದಳು. ಭಾವ ಬೆಸೆದ ಜೋಡಣೆ ತಿಂಗಳಲ್ಲಿ ಬಿಡುತ್ತಿತ್ತು, ಅವಳದು ಬಿಡುತ್ತಿರಲಿಲ್ಲ. ಗಿರಾಕಿಗಳು, "ಸಾರ್, ನೀವು ಬೇಡ, ಆ ಅಮ್ಮನ್ನೇ ಕಳಿಸಿ" ಎನ್ನಲು ಶುರು ಮಾಡಿದ ಮೇಲೆ ಭಾವನಿಗೆ ಎಲ್ಲದರಲ್ಲೂ ತಪ್ಪು ಕಾಣತೊಡಗಿತು. ಏಣಿ ಸರಿಯಿಲ್ಲ, ಬೆಳಕು ಅಳೆಯುವ ಮೀಟರ್ ಸರಿಯಿಲ್ಲ, ಕಂಬ ಸರಿಯಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವಳು ಗಿರಾಕಿಯೊಬ್ಬರ ಎದುರೇ ಅಂದುಬಿಟ್ಟಳು. ಭಾವ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಎಸೆದು, "ಆರು ತಿಂಗಳು ನಡೆಸಿ ತೋರಿಸು" ಎಂದು ಇಳಿದುಹೋದ. ನಾಲ್ಕು ವರ್ಷವಾಯಿತು. ಅವಳು ನಡೆಸುತ್ತಲೇ ಇದ್ದಳು. ಅಷ್ಟೂ ದಿನ ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ.

ಭಾವನೀಗ ತನ್ನ ಮನೆಯಿದ್ದ ಹಿಂದಿನ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ತನ್ನ ಮನೆಗೆ ದೊಡ್ಡ ಕಂಪನಿಯ ಇಂಟರ್ನೆಟ್ ಹಾಕಿಸಿಕೊಂಡು, ಬೀದಿಯೆಲ್ಲ ಅದನ್ನೇ ಹಾಕಿಸಿಕೊಳ್ಳಲಿ ಎಂದು ಸಂಘದ ಗ್ರೂಪಿನಲ್ಲಿ ದಿನಕ್ಕೆರಡು ಸಲ ಬರೆಯುತ್ತಿದ್ದ. ಆದರೆ ಆ ಬೀದಿಯ ಮೂವತ್ತೆರಡು ಸಂಪರ್ಕಗಳ ಬೂದು ಪೆಟ್ಟಿಗೆ ಹಳೆಯ ಕಾಲದಿಂದಲೂ ಅವನ ಮನೆಯ ಗೋಡೆಯ ಮೇಲೆಯೇ ಇತ್ತು. ಎಳೆಗಳಿಗೆ ನಂಬರು ಬರೆದದ್ದು ಅವನದೇ ಕೈ.

ಅಂಥ ಬೀದಿಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಮನೆಗಳ ಸಂಪರ್ಕವೂ ಒಟ್ಟಿಗೇ ಹೋಯಿತು. ಮಧ್ಯಾಹ್ನ ಒಂದು ಗಂಟೆಗೆ ತಾನಾಗಿ ಬಂತು. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಅವಳು ಆಫೀಸಿನ ಮಷಿನ್ನಿನ ಕಾರ್ಡು ಬದಲಿಸಿದಳು, ಬೀದಿಯವರೆಗಿನ ಫೈಬರನ್ನು ಕಂಬಕಂಬಕ್ಕೂ ಅಳೆದಳು. ಎಲ್ಲವೂ ಸರಿಯಿತ್ತು. ಗುರುವಾರ ಅವಳಿಗೆ ರೋಗ ಯಾವುದೆಂದು ಹೊಳೆಯಿತು. ಒಂದು ಫೈಬರ್ ಆ ಪೆಟ್ಟಿಗೆಯಲ್ಲಿ ಮೂವತ್ತೆರಡು ಎಳೆಗಳಾಗಿ ಒಡೆದು ಮನೆಗಳಿಗೆ ಹೋಗುತ್ತದೆ. ಪ್ರತಿ ಮನೆಯ ಮೋಡೆಮ್ ತನ್ನ ಸರದಿ ಬಂದಾಗಷ್ಟೇ ಬೆಳಕು ಮಿಟುಕಿಸಿ ಮಾತಾಡಬೇಕು. ಯಾವುದಾದರೂ ಒಂದು ಕೆಟ್ಟು, ಸರದಿ ಮರೆತು, ಬೆಳಕು ಹಚ್ಚಿಕೊಂಡೇ ನಿಂತರೆ ಮಿಕ್ಕವರೆಲ್ಲರ ಮಾತೂ ಅದರಲ್ಲಿ ಮುಳುಗಿಹೋಗುತ್ತದೆ. ಯಾರದೋ ಮನೆಯ ಮೋಡೆಮ್ ಹತ್ತರಿಂದ ಒಂದರವರೆಗೆ ಹೀಗೆ ಮಾಡುತ್ತಿತ್ತು.

ಮನೆಮನೆಗೆ ಹೋಗಿ, ಐದು ನಿಮಿಷ ಮೋಡೆಮ್ ಆರಿಸಿ ಎಂದು ಕೇಳಿಕೊಂಡಳು. ಒಬ್ಬಳು ಬಾಗಿಲ ಸಂದಿಯಿಂದಲೇ, "ಮೊದ್ಲೇ ಇಲ್ಲದಿರೋದನ್ನ ಇನ್ನೇನು ಆರಿಸೋದು?" ಎಂದಳು. ಟೈಲರ್ ಹೊಲಿಗೆ ನಿಲ್ಲಿಸದೆ, "ನಿಮ್ಮ ಭಾವನ ಕಾಲದಲ್ಲಿ ಹಿಂಗಿರ್ಲಿಲ್ಲ ಬಿಡಿ" ಎಂದ. ಇನ್ನು ಪೆಟ್ಟಿಗೆ ತೆರೆದು ಒಂದೊಂದೇ ಎಳೆಯನ್ನು ಕಿತ್ತು ಅಳೆಯದೆ ದಾರಿಯಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಭಾವನ ಗೇಟಿನ ಮುಂದೆ ನಿಂತಳು. ಗೇಟಿಗೆ ಬೀಗವಿತ್ತು. ಭಾವ ವರಾಂಡದಲ್ಲಿ ಪೇಪರ್ ಓದುತ್ತಿದ್ದ.

"ನನ್ನ ಗೋಡೆಗೆ ನಿನ್ನ ಏಣಿ ತಾಗಕೂಡದು."

"ಪೆಟ್ಟಿಗೆ ನಂದು, ಭಾವ."

"ಗೋಡೆ ನಂದು."

"ನಾಲ್ಕು ದಿನದಿಂದ ಬೀದಿ ಜನ ಒದ್ದಾಡ್ತಿದ್ದಾರೆ. ಅವರ ಮುಖ ನೋಡಿ ಆದ್ರೂ ಬಿಡಿ."

ಭಾವ ಪೇಪರ್ ಮಡಿಸಿದ. "ಬಿಡ್ತೀನಿ. ನಾಳೆ ಹತ್ತೂವರೆಗೆ ಬಾ. ಎಲ್ಲರನ್ನೂ ಕರೆದಿರ್ತೀನಿ. ಅವರೆದುರಿಗೇ ತೆಗಿ. ತಪ್ಪು ನಿಂದು ಅಂತಾದ್ರೆ ಇಡೀ ಬೀದಿ ನಿನ್ನನ್ನ ಬಿಡುತ್ತೆ. ಒಪ್ಪಿಗೆನಾ?"

ತಪ್ಪು ಯಾರದೋ ಮನೆಯದು ಎಂದು ಅವಳಿಗೆ ಖಾತ್ರಿಯಿತ್ತು. ಒಪ್ಪಿಕೊಂಡಳು.

ಶನಿವಾರ ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು. ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ. ಒಬ್ಬ ಫೋನೆತ್ತಿ ವಿಡಿಯೋ ಮಾಡುತ್ತಿದ್ದ. ಅವಳು ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದು ಮೊದಲ ಎಳೆ ಕಿತ್ತು ಮೀಟರಿಗೆ ಹಿಡಿದಳು. ಸರಿಯಿರುವ ಮೋಡೆಮ್ ಆಫೀಸಿನ ಬೆಳಕು ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತದೆ. ಮೀಟರ್ ಏನೂ ತೋರಿಸಲಿಲ್ಲ. ಎರಡು, ಮೂರು, ನಾಲ್ಕು. ಕೆಳಗೆ ಯಾರೋ, "ನಾಟಕ" ಎಂದರು. ಒಂಬತ್ತನೆಯ ಎಳೆಯನ್ನು ಹಿಡಿದಾಗ ಮೀಟರಿನಲ್ಲಿ ಅಂಕಿ ಮೂಡಿತು, ಅಲುಗಾಡದೆ ನಿಂತಿತು.

ಒಂಬತ್ತು ಯಾರ ಮನೆಯದೆಂದು ರಿಜಿಸ್ಟರ್ ನೋಡಬೇಕಿರಲಿಲ್ಲ. ಅದು ಭಾವನ ಮನೆಯದೇ. ಅವನು ದೊಡ್ಡ ಕಂಪನಿಯ ಲೈನ್ ಹಾಕಿಸಿಕೊಂಡಾಗ ಅವಳು ಸಿಟ್ಟಿನಲ್ಲಿ ಈ ಎಳೆಯನ್ನು ಕೀಳಲೂ ಬಂದಿರಲಿಲ್ಲ, ಆಫೀಸಿನಲ್ಲಿ ಖಾತೆ ಮುಚ್ಚಲೂ ಇಲ್ಲ. ಎಳೆ ಗೋಡೆಗುಂಟ ಸಾಗಿ ಉಗ್ರಾಣದ ಗವಾಕ್ಷಿಯೊಳಗೆ ಹೋಗಿತ್ತು. ಏಣಿಯ ಮೇಲಿಂದ ಅವಳು ಬಗ್ಗಿ ನೋಡಿದಳು.

ಡಬ್ಬಗಳ ನಡುವೆ ಒಂದು ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಕಿವಿಗೆ ಹೆಡ್‌ಫೋನು, ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪು. ಅವಳ ಬೆರಳುಗಳು ಓಡುತ್ತಿದ್ದವು. ಪಕ್ಕದ ಹಲಗೆಯ ಮೇಲೆ, ತಂಗಿಯೇ ಎಂದೋ ತಂದುಕೊಟ್ಟಿದ್ದ ಹಳೆಯ ಮೋಡೆಮ್. ಅಕ್ಕ ತಲೆಯೆತ್ತಿದಳು. ನಾಲ್ಕು ವರ್ಷದ ಮೇಲೆ ಅಕ್ಕತಂಗಿಯರ ಕಣ್ಣು ಕೂಡಿದವು. ಅಕ್ಕ ಮಿಸುಕಲಿಲ್ಲ, ಹುಬ್ಬನ್ನಷ್ಟೇ ಮೇಲೆತ್ತಿದಳು. ಹೇಳಬೇಡ ಎನ್ನುತ್ತಿದ್ದಾಳೆ ಎಂದುಕೊಂಡಳು ತಂಗಿ.

"ಏನಾಯ್ತು?" ಭಾವ ಕೆಳಗಿನಿಂದ ಕೂಗಿದ. "ಯಾವ ನಂಬರು?"

ಮಾತು ಅವಳ ಬಾಯಿಯವರೆಗೆ ಬಂತು. ಒಂಬತ್ತು ಎಂದರೆ ಸಾಕಿತ್ತು. ಇಷ್ಟು ಜನರೆದುರು ಅವನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ನೋಡಬಹುದಿತ್ತು. ಆಮೇಲೆ ಗೇಟು ಹಾಕಿಕೊಂಡು ಒಳಗೆ ಏನಾಗುತ್ತದೋ ಅದನ್ನು ನೋಡುವವಳು ಅಕ್ಕ.

"ಯಾವ ನಂಬರೂ ಅಲ್ಲ. ಪೆಟ್ಟಿಗೆನೇ ಕೆಟ್ಟಿದೆ. ತಪ್ಪು ನಂದು."

ಒಂಬತ್ತನೆಯ ಎಳೆಯನ್ನು ಸುತ್ತಿ ಒಳಗೆ ತುರುಕಿ ಮುಚ್ಚಳ ಹಾಕಿದಳು. ಬೀದಿಯ ಫೋನುಗಳೆಲ್ಲ ಒಂದೊಂದಾಗಿ ಟಿಂಗೆಂದವು. ಭಾವ ಜನರತ್ತ ತಿರುಗಿ, "ಕೇಳಿದ್ರಲ್ಲ, ಅವಳ ಬಾಯಲ್ಲೇ ಬಂತು" ಎಂದ. ಮುಂದಿನ ವಾರದೊಳಗೆ ಹತ್ತೊಂಬತ್ತು ಮನೆಗಳು ಅವಳನ್ನು ಬಿಟ್ಟವು. ವಿಡಿಯೋ ಬೇರೆ ಬೀದಿಗಳಿಗೂ ಹೋಯಿತು. ತರಕಾರಿ ಅಂಗಡಿಯವನು ಚಿಲ್ಲರೆ ಕೊಡುವಾಗ, "ತಪ್ಪು ನಂದು" ಎಂದು ಅವಳ ದನಿಯಲ್ಲೇ ಅಣಕಿಸಿದ.

ಆ ಶನಿವಾರ ಕಳೆದು ಸೋಮವಾರ ಬೆಳಿಗ್ಗೆಯೇ ಅಕ್ಕ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದಳು. ಕಂಕುಳಲ್ಲಿ ಲ್ಯಾಪ್‌ಟಾಪು.

"ನನ್ನ ಲೈನ್ ಯಾಕೆ ಕಿತ್ತೆ?"

"ನಿನ್ನ ಹಳೇ ಮೋಡೆಮ್ ಕೆಟ್ಟು ಬೀದಿನೇ ಮುಳುಗಿಸ್ತಿತ್ತು."

"ಅದು ನಂಗೇನು ಗೊತ್ತು? ನನ್ನದಂತೂ ಬಿಟ್ಟು ಬಿಟ್ಟು ಬರ್ತಿತ್ತು. ನಿನ್ನ ಲೈನು, ಹಿಂಗೇ ಇರುತ್ತೆ ಅಂದ್ಕೊಂಡೆ. ಲೈನ್ ಕಿತ್ತು ಹಾಕಿದ್ಯಲ್ಲ, ಒಂದು ಮಾತು ಹೇಳ್ಬಾರ್ದಾ?"

"ಹೆಂಗೆ ಹೇಳ್ಲಿ? ನಿನ್ನ ಗಂಡ ಏಣಿ ಬುಡದಲ್ಲೇ ನಿಂತಿದ್ರು."

"ಅಲ್ಲೇ ಹೇಳ್ಬೇಕಿತ್ತು." ಅಕ್ಕ ಲ್ಯಾಪ್‌ಟಾಪನ್ನು ಮೇಜಿಗೆ ಕುಕ್ಕಿದಳು. "ಆರು ತಿಂಗಳಾಯ್ತು. ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನ ಕೇಳಿ ಟೈಪ್ ಮಾಡೋ ಕೆಲಸ ಸಿಕ್ಕಿದೆ. ಇವರಿಗೆ ನಾನು ಕೆಲಸಕ್ಕೆ ಹೋಗೋದು ಬೇಡ. ಹೊಸ ಲೈನಿನ ಪಾಸ್‌ವರ್ಡನ್ನೂ ನಂಗೆ ಕೊಟ್ಟಿಲ್ಲ. ಇವರು ಸಂಘದ ಆಫೀಸಿಗೆ ಹೋಗೋ ಹೊತ್ತು ನೋಡ್ಕೊಂಡು ಉಗ್ರಾಣದಲ್ಲಿ ಕಳ್ಳಿ ಥರ ಕೂತಿರ್ತಿದ್ದೆ. ಹೋದ ಸೋಮವಾರದಿಂದ ಹತ್ತರಿಂದ ಒಂದರವರೆಗೂ ಕೂರೋ ಕೆಲಸ ಕೊಟ್ರು. ಸಾಕಾಗಿತ್ತು ನಂಗೆ. ನೀನು ಕಿಟಕೀಲಿ ಕಂಡಾಗ, ಸದ್ಯ, ಇವಳಾದ್ರೂ ಹೇಳಿ ಮುಗಿಸ್ತಾಳೆ ಅಂದ್ಕೊಂಡೆ. ನೀನು ದೊಡ್ಡ ತ್ಯಾಗಿ ಥರ ಬಾಯಿ ಮುಚ್ಕೊಂಡೆ."

"ನಿನ್ನ ಮಾನ ಉಳಿಸಿದ್ದು ತಪ್ಪಾಯ್ತಾ?"

"ಕೇಳ್ದೆ ಉಳಿಸಿದ್ದು ತಪ್ಪು. ಅವರ ಜೊತೆ ಜಗಳ ಆಡ್ದಾಗ್ಲೂ ಹಿಂಗೇ ಮಾಡ್ದೆ. ನೀನು ಯಾರ ಕಡೆ ಅಂತ ಒಂದಿನಾನೂ ನನ್ನ ಕೇಳ್ಲಿಲ್ಲ. ಅವರ ಸಾಮಾನಿನ ಜೊತೆ ನನ್ನನ್ನೂ ಕಟ್ಟಿ ಕಳಿಸ್ಬಿಟ್ಟೆ."

ಏಣಿಯಮ್ಮ ಬ್ಯಾಟರಿಯ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸುತ್ತ ನಿಂತಳು. ಕೊನೆಗೆ, "ಏನು ಮಾಡ್ಲಿ ಈಗ? ಮೈಕ್ ಹಿಡ್ಕೊಂಡು ಬೀದೀಲಿ ಹೇಳ್ಲಾ?" ಎಂದಳು.

"ಏನೂ ಬೇಡ. ನಂಗೊಂದು ಮೇಜು ಬೇಕು, ಹತ್ತರಿಂದ ಒಂದು. ಅವರಿಗೆ ನಾನೇ ಹೇಳ್ಬಿಟ್ಟು ಬಂದಿದ್ದೀನಿ."

ಮೇಜಿರಲಿಲ್ಲ. ಕೇಬಲ್ ಸುರುಳಿಗಳನ್ನು ಸರಿಸಿ, ಹಳೆಯ ಬಾಗಿಲೊಂದನ್ನು ಎರಡು ಡ್ರಮ್ಮಿನ ಮೇಲೆ ಹಾಕಿಕೊಟ್ಟಳು. ಅಂದಿನಿಂದ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒಬ್ಬಳಿಗೆ ಫ್ಯಾನ್ ಬೇಕು, ಇನ್ನೊಬ್ಬಳಿಗೆ ಅದರ ಸದ್ದು ಆಗದು. ಸರಿಯಾಗಿ ಮಾತಾಡಿದ್ದು ಕಮ್ಮಿ, ಗೊಣಗಿದ್ದೇ ಹೆಚ್ಚು. ಆದರೂ ಹತ್ತಾಗಿ ಐದು ನಿಮಿಷ ಕಳೆದು ಅಕ್ಕ ಬರದಿದ್ದರೆ ತಂಗಿ ಕಿಟಕಿಯಲ್ಲಿ ಇಣುಕುತ್ತಿದ್ದಳು.

ಮೂರನೆಯ ದಿನ ಭಾವ ಬಂದ. ಅದೇ ಮೆಟ್ಟಿಲು ಹತ್ತಲು ಅವನಿಗೆ ನಾಲ್ಕು ವರ್ಷ ಹಿಡಿದಿತ್ತು. ಬಾಗಿಲಲ್ಲೇ ನಿಂತು, ಮನೆ ಮರ್ಯಾದೆ, ಊರ ಬಾಯಿ, ಹೆಂಡತಿಯನ್ನು ಎತ್ತಿಕಟ್ಟಿದ ನಾದಿನಿ ಎಂದೆಲ್ಲ ಕೂಗಾಡಿದ. ಏಣಿಯಮ್ಮ ಎದ್ದು ನಿಂತಳು. ಅಕ್ಕ ಕೈಯಡ್ಡ ಹಿಡಿದು ಅವಳನ್ನು ಕೂರಿಸಿ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

"ಮೆಲ್ಲಗೆ ಮಾತಾಡಿ. ಇಲ್ಲಿ ಯಾರದೋ ಕಿಡ್ನಿ ವಿಷಯ ನಡೀತಿದೆ, ತಪ್ಪಾದ್ರೆ ನಾನು ಜವಾಬ್ದಾರಿ."

"ಮನೆಗೆ ನಡಿ."

"ಒಂದು ಗಂಟೆಗೆ ಬರ್ತೀನಿ. ಹಸಿವಾದ್ರೆ ಬಡಿಸ್ಕೊಂಡು ಊಟ ಮಾಡಿ."

ಭಾವ ಹೆಂಡತಿಯನ್ನೂ ನಾದಿನಿಯನ್ನೂ ಒಂದೊಂದು ಸಲ ನೋಡಿ, ಗೋಡೆಯ ಮಷಿನ್ನುಗಳ ಕಡೆ ಕಣ್ಣಾಡಿಸಿದ. ಎರಡರಲ್ಲೂ ದೀಪಗಳು ಮಿಟುಕುತ್ತಿದ್ದವು. ಮೆಟ್ಟಿಲಿಳಿದು ಹೋದ. ಮಾರನೆಯ ದಿನ ಸಂಘದ ಗ್ರೂಪಿನಿಂದ ಏಣಿಯಮ್ಮನ ನಂಬರನ್ನು ತೆಗೆದುಹಾಕಿದ. ಹೆಂಡತಿಯ ನಂಬರನ್ನೂ ತೆಗೆಯಲು ಹೋದನಂತೆ, ಅವಳನ್ನು ಯಾವತ್ತೂ ಸೇರಿಸಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತಂತೆ.

ಹೋದ ಹತ್ತೊಂಬತ್ತು ಮನೆಗಳಲ್ಲಿ ನಾಲ್ಕು ತಿರುಗಿ ಬಂದವು. ಯಾರೂ ಕ್ಷಮೆ ಕೇಳಲಿಲ್ಲ. ಟೈಲರ್, "ಆ ಕಂಪನಿಯವರು ಮೂರು ದಿನಕ್ಕೆ ಬರ್ತಾರೆ, ನೀವು ಬೈದಾದ್ರೂ ಅದೇ ದಿನ ಬರ್ತೀರ" ಎಂದ. ಅಷ್ಟು ಹೇಳುವುದರಲ್ಲೇ ಅವನ ಮುಖ ಕಿವುಚಿತ್ತು.

ಒಂದು ದಿನ ಹನ್ನೊಂದರ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಕೇಬಲ್ ಎಳೆದುಕೊಂಡು ಹೋಗಿ ಇನ್ನೂರು ಮನೆಗಳ ಇಂಟರ್ನೆಟ್ ನಿಂತಿತು. ಏಣಿಯಮ್ಮ ಮೀಟರನ್ನೂ ಬೆಸೆಯುವ ಮಷಿನ್ನನ್ನೂ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಮೇಲೆ ಫೋನು ಬಡಿದುಕೊಳ್ಳತೊಡಗಿತು. ತಿರುಗಿ ಹತ್ತಲೋ ಬೇಡವೋ ಎಂದು ಅರೆಗಳಿಗೆ ನಿಂತಳು. ರಿಂಗು ನಿಂತಿತು. ಅಕ್ಕನ ದನಿ ಕೇಳಿಸಿತು:

"ಹೌದು ಹೋಗಿದೆ. ಲಾರಿ ಕೇಬಲ್ ಹರಿದಿದೆ. ಲಾರಿ ನಮ್ದಲ್ಲ. ನೀವು ಅಷ್ಟು ಜೋರಾಗಿ ಕೂಗೋದಾದ್ರೆ ಫೋನ್ ಬೇಕಾಗಿಲ್ಲ, ಅಲ್ಲಿಂದ್ಲೇ ಕೇಳಿಸುತ್ತೆ."

ಏಣಿಯಮ್ಮ ಏಣಿಯನ್ನು ಬಿಗಿದು ಸ್ಕೂಟರ್ ಶುರು ಮಾಡಿದಳು.