ಸಿಂಬಲ್ ಇಲ್ಲದ ಆಲ್ಬಮ್

ನನಗೆ ಕಿವಿಯ ಹೆದರಿಕೆ ಹುಟ್ಟಿಸಿದ್ದು ಡಾಕ್ಟರರಲ್ಲ, ನಾನೇ ಬರೆದ ಒಂದು ಪಟ್ಟಿ. ಪ್ರತಿ ಡಿಸೆಂಬರಿನಲ್ಲಿ ಆ ವರ್ಷ ಬಂದ ರಾಕ್, ಪಂಕ್ ಆಲ್ಬಮ್‌ಗಳಲ್ಲಿ ಐದನ್ನು ಆರಿಸಿ ನಿಪ್ಪಾಣಿಯ ಗೆಳೆಯನಿಗೆ ಮೊಬೈಲಿನಲ್ಲಿ ಕಳಿಸುತ್ತೇನೆ. ಅವನೂ ತನ್ನ ಐದನ್ನು ಕಳಿಸುತ್ತಾನೆ. ಕಾಲೇಜು ಬಿಟ್ಟಾಗಿನಿಂದ ಇದು ತಪ್ಪಿಲ್ಲ. ನಮ್ಮ ಸುತ್ತಿನಲ್ಲಿ ಈ ಸಂಗೀತ ಕೇಳುವವರು ನಾವಿಬ್ಬರೇ ಇರಬೇಕು. ಮೂರನೆಯವನು ಯಾರಾದರೂ ಇದ್ದರೆ ಹಾರೂಗೇರಿಗೆ ಬರಲಿ, ಚಹಾ ನಾನು ಕುಡಿಸುತ್ತೇನೆ.

ಹಾರೂಗೇರಿಯಲ್ಲಿ ನನ್ನದು ಟ್ರ್ಯಾಕ್ಟರುಗಳಿಗೆ ಡೆಕ್ಕು, ಸ್ಪೀಕರು ಕೂಡಿಸುವ ಅಂಗಡಿ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಡ್ರೈವರುಗಳು ಸಾಲುಗಟ್ಟುತ್ತಾರೆ. ಎರಡು ಟ್ರೇಲರ್ ಕಬ್ಬು ಎಳೆಯುವ ಗಾಡಿಗೆ ಬ್ರೇಕು ಹೇಗಾದರೂ ಇರಲಿ, ಹಾಡು ಮಾತ್ರ ಊರಿಗೆಲ್ಲ ಕೇಳಬೇಕು! ಇಲ್ಲಿಯ ರಿವಾಜು ಹೀಗೆ: ಎಲ್ಲ ಕೂಡಿಸಿದ ಮೇಲೆ ಡ್ರೈವರು ಪೆಟ್ರೋಲ್ ಬಂಕಿನವರೆಗೆ ನಡೆದು ಹೋಗಿ ನಿಲ್ಲುತ್ತಾನೆ. ಅಲ್ಲಿಗೆ ಹಾಡು ಸ್ವಚ್ಛ ಕೇಳಿದರೆ ಕೈ ಎತ್ತುತ್ತಾನೆ. ಅವನು ಕೈ ಎತ್ತುವವರೆಗೆ ನಾನು ಸೀಟಿನಲ್ಲಿ, ತಲೆಯ ಆಚೆಗೊಂದು ಈಚೆಗೊಂದು ಸ್ಪೀಕರು ಇಟ್ಟುಕೊಂಡು, ದನಿ ಏರಿಸುತ್ತ ಕೂತಿರಬೇಕು. ಹದಿನಾಲ್ಕು ಹಂಗಾಮು ಹಾಗೆ ಕೂತಿದ್ದೇನೆ. ಅವರಿಗೆ ಮರಾಠಿ ಡಿಜೆ ಹಾಡು ಬೇಕು, ನಾನು ಹಾಕುವುದು ನನ್ನ ಪಂಕ್. ಇದರಲ್ಲಿ ಯಾರನ್ನು ಹಿಡಿದು ಬಡಿಯುತ್ತಿದ್ದಾರೆ ಎಂದು ಒಬ್ಬ ಡ್ರೈವರು ನನ್ನನ್ನು ಕೇಳಿಯೂ ಇದ್ದ.

ಈ ವರ್ಷದ ಪಟ್ಟಿಗೆ ನಾನು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಮೂವರು ಹೆಣ್ಣುಮಕ್ಕಳು ಸೇರಿ ಮನೆ ಮಾಲೀಕನನ್ನು ಬೈಯುವ ಒಂದು ಆಲ್ಬಮ್ ಇತ್ತು, ಹಾಡಿಗೆ ಎರಡೇ ನಿಮಿಷ. ವಯಸ್ಸಾದ ನಾಲ್ವರು ಗಿಟಾರನ್ನು ರುಬ್ಬುವ ಕಲ್ಲಿನಷ್ಟು ನಿಧಾನ ತಿರುವಿದ್ದು ಇನ್ನೊಂದು. ಎಲ್ಲಕ್ಕಿಂತ ಮೇಲೆ ಇಟ್ಟದ್ದು ಒಂದು ಹೊಸ ಪಂಕ್ ತಂಡದ್ದು. ಅದರ ಡ್ರಮ್ಮರ್ ಸಿಂಬಲ್ ಮುಟ್ಟಿಯೇ ಇರಲಿಲ್ಲ. ಸಿಂಬಲ್ ಅಂದರೆ ಡ್ರಮ್ಮಿನ ಮೇಲೆ ತೂಗುವ ಹಿತ್ತಾಳೆಯ ತಟ್ಟೆ. ಅದನ್ನು ಬಿಟ್ಟು ಇಡೀ ಆಲ್ಬಮ್ ಬರೀ ಚರ್ಮದ ಮೇಲೆ ಬಾರಿಸಿದ್ದಾನೆ, ಇಂಥ ಗುಂಡಿಗೆಯವನನ್ನು ನಾನು ನೋಡಿಲ್ಲ ಎಂದು ಬರೆದು ಕಳಿಸಿದೆ.

ಗೆಳೆಯ ತಕ್ಷಣ ಫೋನ್ ಮಾಡಿದ. “ಲೇ, ಯಾವ ಆಲ್ಬಮ್ ಕೇಳಿಯೋ ನೀ? ಅದ್ರಾಗಿನ ಸಿಂಬಲ್ ಕೇಳಿ ನನ್ನ ತಲಿ ಒಡದೈತಿ.”

ಮೊದಲು ನಕ್ಕೆ. ಆಮೇಲೆ ಅನುಮಾನ ಬಂತು. ಮೊಬೈಲಿಗೆ ನಾನು ಇಳಿಸಿಕೊಂಡ ಆಲ್ಬಮ್ಮೇ ಕೆಟ್ಟಿರಬೇಕೆಂದು ಮತ್ತೊಮ್ಮೆ ಇಳಿಸಿಕೊಂಡೆ. ಸಿಂಬಲ್ ಇಲ್ಲ. ಸಣ್ಣ, ಚೂಪು ದನಿ ಬರುವುದು ಸ್ಪೀಕರಿನ ಟ್ವೀಟರಿನಿಂದ, ಅದೇ ಸತ್ತಿರಬೇಕೆಂದು ಹೊಸ ಜೋಡಿ ಹಾಕಿದೆ. ಆಗಲೂ ಇಲ್ಲ. ಈ ಹಂಗಾಮಿನಲ್ಲಿ ಅಂಕಲಿಯ ಡ್ರೈವರೊಬ್ಬ, ಉಗಾರದವರಿಬ್ಬರು ಗಾಡಿ ತಿರುಗಿಸಿಕೊಂಡು ಬಂದಿದ್ದು ನೆನಪಾಯಿತು. ಸಣ್ಣ ದನಿ ಬಹಳ ಇಟ್ಟಿದ್ದೀರಿ, ಕಿವಿ ಕೊರೆಯುತ್ತದೆ ಎಂದಿದ್ದರು. ಕಿವಿಯಿಲ್ಲದವರು ಎಂದು ಮೂವರನ್ನೂ ಬೈದು ಕಳಿಸಿದ್ದೆ. ಥೂ ನನ್ನ!

ಮಧ್ಯಾಹ್ನ ಬುತ್ತಿ ತಂದ ಹೆಂಡತಿಯನ್ನು ಅಂಗಡಿ ಮುಂದೆ ನಿಂತಿದ್ದ ಟ್ರ್ಯಾಕ್ಟರ್ ಹತ್ತಿಸಿ ಕೂರಿಸಿದೆ. ಹಿತ್ತಾಳೆ ತಟ್ಟೆಯ ಸಪ್ಪಳ ಕೇಳಿದಾಗೆಲ್ಲ ನನ್ನ ಅಂಗೈ ಮೇಲೆ ಬಡಿ ಎಂದು ಹೇಳಿ, ಅದೇ ಆಲ್ಬಮ್ಮಿನ ಒಂದು ಹಾಡು ಸಣ್ಣಗೆ ಹಚ್ಚಿದೆ. ಇದೇನು ಆಟ ಎಂದು ನಕ್ಕಳು. ಆಮೇಲೆ ಬಡಿಯತೊಡಗಿದಳು. ಒಂದೆರಡು ಸಲವಲ್ಲ, ಹಾಡು ಮುಗಿಯುವವರೆಗೂ ಅವಳ ಬೆರಳು ನಿಲ್ಲಲಿಲ್ಲ. ನನಗೆ ಕೇಳಿದ್ದು ಗಿಟಾರು, ಅದರ ಕೆಳಗೆ ದಬದಬ ಸದ್ದು, ಅಷ್ಟೇ.

ನನಗೆ ಜೀವ ಹೋಗುವಷ್ಟು ಹೆದರಿಕೆಯಾಯಿತು. ಸಿಂಬಲ್ ಹೋಗಿದೆ, ಸರಿ. ಇನ್ನೂ ಏನೇನು ಹೋಗಿದೆ? ಕೇಳದೇ ಇರುವುದು ಕೇಳುತ್ತಿಲ್ಲವೆಂದು ನನಗೆ ತಿಳಿಯುವುದು ಹೇಗೆ? ಮುಂದಿನ ಡಿಸೆಂಬರಿಗೆ ಪಟ್ಟಿ ಬರೆಯಲು ಏನು ಉಳಿದಿರುತ್ತದೆ? ಹಾಡು ನಿಲ್ಲಿಸಿ, ಗೆಳೆಯನ ಫೋನಿನಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ. ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ.

“ನನಗ ಗೊತ್ತೈತ್ರಿ,” ಎಂದಳು. “ವರ್ಷ ಆತು, ನಿಮ್ಮ ಜೋಡಿ ಒದರಿ ಮಾತಾಡಾಕತ್ತೀನಿ.”

ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ. ಇವಳಿಗೆ ಈಚೆಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಾನೂ ಏರುದನಿಯಲ್ಲೇ ಉತ್ತರ ಕೊಡುತ್ತಿದ್ದೆ. ಊಟದ ತಟ್ಟೆ ಸರಿಸಿ ಎದ್ದು ಹೋದದ್ದೂ ಉಂಟು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹಾಡಂದ್ರ ನಿಮಗ ಜೀವ. ಹ್ಯಾಂಗ ಹೇಳ್ಲಿ?”

ಇದನ್ನೂ ಅವಳು ಒದರಿಯೇ ಹೇಳಿದಳು. ಒಮ್ಮೆ ಮೊದಲಿನ ಹಾಗೆ ಮೆಲ್ಲಗೆ ಮಾತಾಡು ಎಂದು ಕೇಳಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತಾಡಿದಳು ಎಂಬಷ್ಟು ತಿಳಿಯಿತು. ಏನೆಂದಳೋ ತಿಳಿಯಲಿಲ್ಲ.